ಮನೆಯ ಧ್ವನಿಮುದ್ರಣ: ಪ್ರತಿ ತೊಂದರೆಗೂ ಒಂದು ಚರಿತ್ರೆ



ಗಣಕಯಂತ್ರದಲ್ಲಿ ಹಾಡು ಮುದ್ರಿಸಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ದನಿ ಏಕೆ ಒಡೆಯುತ್ತದೆ? ಮೊದಲು ಹಾಡಿದ್ದನ್ನು ಕೇಳಿಕೊಂಡು ಎರಡನೇ ದನಿ ಸೇರಿಸಿದರೆ ಅದು ತಾಳಕ್ಕಿಂತ ಹಿಂದೆ ಬೀಳುವುದೇಕೆ? ಮೊಬೈಲಿನಲ್ಲಿ ಸರಿಯಾಗಿದ್ದ ಹಾಡು ಗಣಕಕ್ಕೆ ಬಂದ ಮೇಲೆ ಶ್ರುತಿ ಬದಲಿಸಿದ್ದೇಕೆ? ಉಳಿಸಿಟ್ಟ ಕಡತ ಬೇರೆ ಗಣಕದಲ್ಲಿ ತೆರೆಯುವುದಿಲ್ಲವೇಕೆ? ಇವಕ್ಕೆಲ್ಲ "ಇಲ್ಲಿ ಒತ್ತಿ, ಅಲ್ಲಿ ಟಿಕ್ ತೆಗೆಯಿರಿ" ಎಂದು ಹೇಳಿ ಮುಗಿಸಬಹುದು. ಆದರೆ ನಾವು ಮೇಷ್ಟ್ರು ಜಾತಿ. ಕಾರಣ ಹೇಳದೆ ಉತ್ತರ ಬರೆಸಿದರೆ ನಮಗೆ ಸಮಾಧಾನವಿಲ್ಲ. ಹುಡುಕುತ್ತಾ ಹೋದರೆ ಈ ತೊಂದರೆಗಳಲ್ಲಿ ಹಲವು ಇವತ್ತಿನವಲ್ಲ, ಹಳೆಯ ಯಂತ್ರಗಳಿಂದಲೂ ಹಳೆಯ ಒಪ್ಪಂದಗಳಿಂದಲೂ ಉಳಿದುಬಂದವು ಎಂದು ತಿಳಿಯುತ್ತದೆ.

ಮೊದಲು, ಇದು ನಮಗೇಕೆ ಬೇಕು ಎನ್ನುವುದನ್ನು ಹೇಳಿಬಿಡುತ್ತೇವೆ. ನಮ್ಮ ಮನೆ ಮದುಕ್ಕರೈಯಲ್ಲಿ. ಈ ಕೊಯಮತ್ತೂರು ಸೀಮೆಯಲ್ಲಿ ದೇವಾಂಗ ನೇಕಾರರು, ಒಕ್ಕಲಿಗರು ತಲೆತಲಾಂತರದಿಂದ ಮನೆಯೊಳಗೆ ಕನ್ನಡ ಆಡುತ್ತಾ ಬಂದಿದ್ದಾರೆ. ಓದು, ಬರಹ, ವ್ಯವಹಾರ ಎಲ್ಲ ತಮಿಳಿನಲ್ಲಿ. ಹಾಗಾಗಿ ಇಲ್ಲಿಯ ಲಾಲಿ ಹಾಡು, ಮದುವೆ ಹಾಡು, ಒಗಟುಗಳು ಕಾಗದದ ಮೇಲೆ ಬಂದದ್ದು ಬಹಳ ಕಡಿಮೆ. ಅವು ಇರುವುದು ಹಿರಿಯರ ಗಂಟಲಲ್ಲಿ. ಬ್ರಿಟಿಷರ ಕಾಲದಲ್ಲಿ ಗ್ರಿಯರ್ಸನ್ ಸಾಹೇಬರು ನಡೆಸಿದ ಭಾರತದ ಭಾಷಾ ಸರ್ವೇಕ್ಷಣೆಯ ಸಂಪುಟಗಳು 1903ರಿಂದ 1928ರವರೆಗೆ ಅಚ್ಚಾದವು. ಆದರೆ ಮದ್ರಾಸ್ ಪ್ರಾಂತ್ಯ, ಮೈಸೂರು, ಹೈದರಾಬಾದುಗಳನ್ನು ಆ ಸರ್ವೇಕ್ಷಣೆಯ ಹೊರಗೇ ಇಟ್ಟಿದ್ದರು. ಅದರ ಜೊತೆಗೆ 1913ರಿಂದ 1929ರವರೆಗೆ ಹಲವು ಭಾಷೆಗಳ ಮಾತನ್ನು ಗ್ರಾಮಫೋನ್ ತಟ್ಟೆಗಳಲ್ಲೂ ಮುದ್ರಿಸಿದರು. ಮಾದರಿಗೆಂದು ಹೆಚ್ಚಾಗಿ ಹೇಳಿಸಿದ್ದು ಬೈಬಲ್ಲಿನ ದುಂದುಗಾರ ಮಗನ ಕಥೆ. ಮನೆಯ ಹಾಡು ಯಾರಿಗೂ ಬೇಕಾಗಿರಲಿಲ್ಲ. ಗ್ರಾಮಫೋನ್ ಕಂಪನಿಗಳು ಮಾರಾಟವಾಗುವ ವಿದ್ವಾಂಸರನ್ನು, ನಾಟಕದವರನ್ನು ಹುಡುಕಿಕೊಂಡು ಹೋದವು. ಅದರಲ್ಲಿ ಅವರ ತಪ್ಪೇನೂ ಇಲ್ಲ, ಅದು ವ್ಯಾಪಾರ.

ಹಾಗೆಂದು ಕೊಯಮತ್ತೂರು ಧ್ವನಿಮುದ್ರಣಕ್ಕೆ ಹೊಸ ಊರೇನಲ್ಲ. 1935ರಲ್ಲೇ ಇಲ್ಲಿ ಸೆಂಟ್ರಲ್ ಸ್ಟುಡಿಯೋ ಆರಂಭವಾಯಿತು. ಆಮೇಲೆ ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೋ ಬಂತು. 1954ರ 'ಮಲೈಕ್ಕಳ್ಳನ್' ಅವರದೇ ಚಿತ್ರ. ಅದು 1955ರಲ್ಲಿ ಹಿಂದಿಯಲ್ಲಿ 'ಆಜಾದ್' ಆಯಿತು, 1957ರಲ್ಲಿ ಕನ್ನಡದಲ್ಲಿ 'ಬೆಟ್ಟದ ಕಳ್ಳ' ಆಯಿತು. ಕಾಲಕ್ರಮದಲ್ಲಿ ಸಿನಿಮಾ ವ್ಯವಹಾರವೆಲ್ಲ ಮದ್ರಾಸಿಗೆ ಹೋಯಿತು. ಅಂದ ಹಾಗೆ, ಡಾ. ರಾಜ್‌ಕುಮಾರ್ ಅವರ ಹುಟ್ಟೂರು ಗಾಜನೂರೋ ಸಿಂಗಾನಲ್ಲೂರೋ ಎಂಬ ಚರ್ಚೆ ಈಗಲೂ ನಡೆಯುತ್ತದೆ. ಯಾವುದಾದರೂ ಸರಿ, ಅವರು ಹುಟ್ಟಿದ 1929ರಲ್ಲಿ ಅದು ಕೊಯಮತ್ತೂರು ಜಿಲ್ಲೆಯೇ! ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿದ್ದು 1956ರಲ್ಲಿ. ಕನ್ನಡ ಸಿನಿಮಾದ ಹಾಡುಗಳು ಕೂಡ ಬಹುಕಾಲ ಮದ್ರಾಸಿನಲ್ಲೇ ಮುದ್ರಣವಾಗುತ್ತಿದ್ದವು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು 1980ರ ದಶಕದಲ್ಲಿ.

ಹಳೆಯ ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ಕೂತು ಹಾಡಬೇಕು, ಒಟ್ಟಿಗೆ ನುಡಿಸಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಇದನ್ನು ಬದಲಿಸಿದ್ದು ಟೇಪು. ಜರ್ಮನಿಯ ಎಇಜಿ ಕಂಪನಿ ತನ್ನ ಮ್ಯಾಗ್ನೆಟೋಫೋನ್ ಯಂತ್ರವನ್ನು ಬರ್ಲಿನ್ನಿನ ಪ್ರದರ್ಶನದಲ್ಲಿ ಇಟ್ಟದ್ದು 1935ರಲ್ಲಿ, ಅಂದರೆ ನಮ್ಮ ಸೆಂಟ್ರಲ್ ಸ್ಟುಡಿಯೋ ಹುಟ್ಟಿದ ವರ್ಷವೇ. ಒಂದೇ ಟೇಪಿನಲ್ಲಿ ಅಕ್ಕಪಕ್ಕ ಹಲವು ಸಾಲು ಮುದ್ರಿಸುವ ಉಪಾಯ ಆಮೇಲೆ ಬಂತು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1957ರಲ್ಲಿ ಆಂಪೆಕ್ಸ್ ಕಂಪನಿಯಿಂದ ಎಂಟು ಸಾಲಿನ ಯಂತ್ರ ಪಡೆದರು.

ಮೇಲೆ ಹೇಳಿದ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಟೇಪು ಯಂತ್ರದಲ್ಲಿ ಮುದ್ರಿಸುವ ತಲೆ ಒಂದು, ಓದುವ ತಲೆ ಇನ್ನೊಂದು. ನಡುವೆ ಒಂದೂವರೆ ಇಂಚು ಅಂತರವಿದೆ, ಟೇಪು ಸೆಕೆಂಡಿಗೆ 15 ಇಂಚು ಓಡುತ್ತಿದೆ ಎಂದಿಟ್ಟುಕೊಳ್ಳಿ. ಹಳೆಯ ಹಾಡನ್ನು ಓದುವ ತಲೆಯಿಂದ ಕೇಳುತ್ತಾ ಹೊಸದನ್ನು ಮುದ್ರಿಸಿದರೆ ಹೊಸದು ಸೆಕೆಂಡಿನ ಹತ್ತನೇ ಒಂದು ಭಾಗ ಹಿಂದೆ ಬೀಳುತ್ತದೆ. ಆಂಪೆಕ್ಸಿನವರು ಮುದ್ರಿಸುವ ತಲೆಯನ್ನೇ ಆ ಹೊತ್ತಿಗೆ ಓದುವುದಕ್ಕೂ ಬಳಸಿ ಇದನ್ನು ಸರಿಮಾಡಿದರು. ಗಣಕದಲ್ಲಿ ತಲೆಗಳಿಲ್ಲ, ಆದರೆ ದನಿಯನ್ನು ಸ್ವಲ್ಪ ಸ್ವಲ್ಪ ಕೂಡಿಟ್ಟು ಸಾಗಿಸುವ ಬಫರ್ ಇದೆ. 512 ಮಾದರಿಗಳ ಬಫರ್ ಎಂದರೆ ಸುಮಾರು 12 ಮಿಲಿಸೆಕೆಂಡು. ಬರುವಾಗ ಒಂದು, ಹೋಗುವಾಗ ಒಂದು, ವಿಂಡೋಸ್ ತನ್ನ ಪಾಲಿಗೆ ಇನ್ನಷ್ಟು. ಎಲ್ಲ ಸೇರಿ ಮತ್ತೆ ಅದೇ ಹತ್ತನೇ ಒಂದು ಭಾಗದ ಹತ್ತಿರ ಬಂದು ನಿಲ್ಲುತ್ತದೆ.

ಅಡಾಸಿಟಿ ತಂತ್ರಾಂಶದಲ್ಲಿ ಇದನ್ನು ತಿದ್ದಲು ಲೇಟೆನ್ಸಿ ಕಾಂಪೆನ್ಸೇಶನ್ ಎಂಬ ಅಂಕಿಯಿದೆ. ತಯಾರಕರು ಅಲ್ಲಿ ಇಟ್ಟಿರುವುದು -130 ಮಿಲಿಸೆಕೆಂಡು. ಅದು ಅಂದಾಜು ಅಷ್ಟೇ, ನಿಮ್ಮ ಗಣಕದ ಅಳತೆ ಬೇರೆ ಇರುತ್ತದೆ. ಒಂದು ಸಾಲಿನಲ್ಲಿ ಟಿಕ್ ಟಿಕ್ ಎನ್ನುವ ತಾಳ ಹಾಕಿ, ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು ಅದನ್ನೇ ಇನ್ನೊಂದು ಸಾಲಿಗೆ ಮುದ್ರಿಸಿ. ಎರಡು ಟಿಕ್‌ಗಳ ನಡುವಿನ ಅಂತರ ನೋಡಿ ಆ ಅಂಕಿಯನ್ನು ಹೆಚ್ಚುಕಡಿಮೆ ಮಾಡಿ. ಒಮ್ಮೆ ಮಾಡಿದರೆ ಮೈಕು, ಗಣಕ ಬದಲಿಸುವವರೆಗೆ ಸಾಕು. ಇನ್ನೊಂದು ಮಾತು: ಹಾಡುವಾಗ ಹೆಡ್‌ಫೋನ್ ಹಾಕಲೇಬೇಕು. ಸ್ಪೀಕರಿನಲ್ಲಿ ಕೇಳುತ್ತಾ ಹಾಡಿದರೆ ಹಳೆಯ ಸಾಲು ಹೊಸದರೊಳಗೂ ಸೇರಿಕೊಳ್ಳುತ್ತದೆ, ಆಮೇಲೆ ಬಿಡಿಸಲು ಬಹಳ ಕಷ್ಟ.

ಸ್ಟುಡಿಯೋ ಮನೆಯೊಳಗೆ ಬಂದ ಕಥೆ ನಮ್ಮ ತಮಿಳುನಾಡಿನದೇ. ಎ.ಆರ್. ರೆಹಮಾನ್ 1989ರಲ್ಲಿ ಕೋಡಂಬಾಕ್ಕಂ ಮನೆಯ ಹಿತ್ತಲಲ್ಲಿ ಪಂಚತನ್ ರೆಕಾರ್ಡ್ ಇನ್ ಎಂಬ ಸಣ್ಣ ಸ್ಟುಡಿಯೋ ಕಟ್ಟಿಕೊಂಡರು. 1992ರಲ್ಲಿ 'ರೋಜಾ' ಬಂತು. ಆ ಹೊತ್ತಿಗೆ ವಾದ್ಯ ಮತ್ತು ಗಣಕ ಮಾತಾಡಿಕೊಳ್ಳುವ ಮಿಡಿ ಎಂಬ ಭಾಷೆ ಬಂದು (1983) ಒಂಬತ್ತು ವರ್ಷ ಆಗಿತ್ತು. ಆದರೂ ಅದು ಹಣವಿದ್ದವರ ಆಟ. ನಮ್ಮಂಥವರ ಪಾಲಿಗೆ ಇದ್ದದ್ದು ಫಿಲಿಪ್ಸಿನವರು 1963ರಲ್ಲಿ ತಂದ ಕ್ಯಾಸೆಟ್ಟು, ಆಮೇಲೆ ವಿಂಡೋಸಿನ ಸೌಂಡ್ ರೆಕಾರ್ಡರ್. ಅದು ಬಹಳ ಕಾಲ ಸಾಮಾನ್ಯವಾಗಿ 60 ಸೆಕೆಂಡಿಗೆ ನಿಂತುಬಿಡುತ್ತಿತ್ತು. ಒಂದು ಸೋಬಾನೆ ಪದದ ಪಲ್ಲವಿಗೂ ಸಾಲದು!

ಬಾಗಿಲು ತೆರೆದದ್ದು ಅಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ 1999ರಲ್ಲಿ ಇದನ್ನು ಶುರುಮಾಡಿ 2000ದ ಮೇ ತಿಂಗಳಲ್ಲಿ ಹೊರಬಿಟ್ಟರು. ಬೆಲೆ ಇಲ್ಲ, ಯಾರು ಬೇಕಾದರೂ ಬಳಸಬಹುದು. ಆದರೆ ಎಂಪಿ3 ಮಾಡಬೇಕಾದರೆ ಲೇಮ್ ಎಂಬ ಇನ್ನೊಂದು ತುಂಡನ್ನು ಬೇರೆ ಕಡೆಯಿಂದ ತಂದು ಸೇರಿಸಬೇಕಿತ್ತು. ಎಂಪಿ3ಗೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಮತ್ತಿತರರ ಪೇಟೆಂಟುಗಳಿದ್ದದ್ದೇ ಕಾರಣ. ಅವರ ಪರವಾನಗಿ ವ್ಯವಸ್ಥೆ 2017ರಲ್ಲಿ ಮುಗಿಯಿತು. 2019ರ 2.3.2 ಆವೃತ್ತಿಯಿಂದ ಲೇಮ್ ಒಳಗೇ ಬರುತ್ತದೆ. ಈಗಲೂ ಯಾರಾದರೂ "ಲೇಮ್ ಇಳಿಸಿಕೊಳ್ಳಿ" ಎಂದರೆ ಅದು ಹಳೆಯ ಪಾಠ. ಸಿಕ್ಕಸಿಕ್ಕ ಕಡೆಯಿಂದ ಇಳಿಸಿ ವೈರಸ್ ತಂದುಕೊಳ್ಳಬೇಡಿ.

ಕಡತ ತೆರೆಯದ ತೊಂದರೆ ಇದಕ್ಕಿಂತ ಕ್ರೂರ. ಹಳೆಯ ಅಡಾಸಿಟಿಯಲ್ಲಿ .ಎಯುಪಿ ಕಡತ ಬರೀ ಸೂಚಿ. ನಿಜವಾದ ದನಿಯೆಲ್ಲ ಪಕ್ಕದ _ಡೇಟಾ ಫೋಲ್ಡರಿನಲ್ಲಿ ಸಣ್ಣ ಸಣ್ಣ ಚೂರುಗಳಾಗಿ ಇರುತ್ತಿತ್ತು. ಸೂಚಿಯನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಗಣಕವನ್ನು ಅಳಿಸಿದರೆ ಹಾಡು ಹೋದಂತೆಯೇ. ಪುಸ್ತಕದ ಪರಿವಿಡಿ ಹರಿದುಕೊಂಡು ಪುಸ್ತಕ ಸುಟ್ಟಂತೆ. 2021ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿ ಎಲ್ಲವನ್ನೂ .ಎಯುಪಿ3 ಎಂಬ ಒಂದೇ ಕಡತಕ್ಕೆ ತಂದಿತು. ನಿಮ್ಮಲ್ಲಿ ಹಳೆಯ ಮುದ್ರಣಗಳಿದ್ದರೆ ಫೋಲ್ಡರ್ ಸಮೇತ ಹುಡುಕಿ ಇವತ್ತೇ ತೆರೆದು ವೇವ್ ಕಡತವಾಗಿ ಉಳಿಸಿ. ತಂತ್ರಾಂಶ ಬದಲಾಗಬಹುದು, ವೇವ್ ಎಲ್ಲ ಕಡೆ ತೆರೆಯುತ್ತದೆ. ಒಂದೇ ಚಾನೆಲ್ಲಿನಲ್ಲಾದರೆ ನಿಮಿಷಕ್ಕೆ ಸುಮಾರು 5 ಎಂಬಿ, ಈಗಿನ ಕಾಲಕ್ಕೆ ಅದೇನು ಭಾರ?

ಇನ್ನು ಶ್ರುತಿ ಬದಲಾಗುವ ಮಾಯೆ. ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು ಎಂಬುದಕ್ಕೆ ಎರಡು ಪದ್ಧತಿಗಳಿವೆ: 44,100 ಮತ್ತು 48,000. ಮೊದಲನೆಯದು ಎಂಥ ವಿಚಿತ್ರ ಅಂಕಿ ನೋಡಿ. 1970ರ ದಶಕದ ಕೊನೆಯಲ್ಲಿ ಅಷ್ಟು ಅಂಕಿಗಳನ್ನು ಹಿಡಿಸಲು ವಿಡಿಯೋ ಟೇಪನ್ನೇ ಬಳಸಿದರು. ಚಿತ್ರದ ಒಂದು ಗೆರೆಗೆ 3 ಮಾದರಿ, 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿದರೆ 44,100. ಯುರೋಪಿನ ಟಿವಿ ಲೆಕ್ಕದಲ್ಲೂ 3, 294, 50 ಗುಣಿಸಿದರೆ ಅದೇ! ಅದೇ ಅಂಕಿ 1982ರ ಸಿಡಿಗೆ ಬಂತು, ಸಿಡಿಯಿಂದ ನಮ್ಮ ಗಣಕಕ್ಕೆ. ವಿಡಿಯೋದವರು 48,000 ಹಿಡಿದರು, ಮೊಬೈಲುಗಳಲ್ಲಿ ಹೆಚ್ಚಾಗಿ ಅದೇ. 44,100ರಲ್ಲಿ ಅಳೆದದ್ದನ್ನು 48,000 ಎಂದು ತಿಳಿದು ಗಣಕ ನುಡಿಸಿದಾಗ ಹತ್ತು ನಿಮಿಷದ ಹಾಡು 9 ನಿಮಿಷ 11 ಸೆಕೆಂಡಿಗೆ ಮುಗಿಯುತ್ತದೆ. ಒಂದನೇ ಮನೆ ಶ್ರುತಿ (ಇಲ್ಲಿ ತಮಿಳಿನಲ್ಲಿ 'ಕಟ್ಟೈ' ಎನ್ನುತ್ತಾರೆ) ಒಂದೂವರೆಗೂ ಎರಡಕ್ಕೂ ನಡುವೆ ಹೋಗಿ ಕೂರುತ್ತದೆ. ಹಾರ್ಮೋನಿಯಂನ ಯಾವ ಮನೆಗೂ ಹೊಂದದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಆ ಸಾಲಿನ ಹೆಸರಿನ ಮೇಲೆ ಒತ್ತಿ, ರೇಟ್ ಎಂಬಲ್ಲಿ ಸರಿಯಾದ ಅಂಕಿ ಕೊಡಿ. ರೀಸ್ಯಾಂಪಲ್ ಒತ್ತಬೇಡಿ, ಅದು ತಪ್ಪು ಶ್ರುತಿಯನ್ನೇ ಹಾಗೇ ಉಳಿಸಿ ಹೊಸ ಅಂಕಿಗೆ ಬರೆಯುತ್ತದೆ.

ದನಿ ಒಡೆಯುವುದಕ್ಕೆ ನಮ್ಮ ಅಭ್ಯಾಸವೇ ಕಾರಣ. ಕ್ಯಾಸೆಟ್ಟಿನಲ್ಲಿ ಟೇಪಿನದೇ ಸುಯ್ ಸದ್ದು ಇರುತ್ತಿತ್ತು, ಅದನ್ನು ಮುಚ್ಚಲು ಜೋರಾಗಿ ಮುದ್ರಿಸುತ್ತಿದ್ದೆವು. ಸ್ವಲ್ಪ ಮಿತಿ ಮೀರಿದರೂ ಟೇಪು ಸಹಿಸುತ್ತಿತ್ತು. ಗಣಕದಲ್ಲಿ 0 ಡೆಸಿಬಲ್ ಎನ್ನುವುದು ಕಲ್ಲಿನ ಛಾವಣಿ, ಅದರ ಮೇಲೆ ಹೋದದ್ದು ಕತ್ತರಿಸಿ ಹೋಗುತ್ತದೆ, ಮತ್ತೆ ಸಿಗದು. ಮಟ್ಟ -12ರ ಆಸುಪಾಸಿನಲ್ಲಿರಲಿ. ವಿಜಯದಶಮಿಯ ದಿನ ಕೊಯಮತ್ತೂರಿನ ದೇವಾಂಗರು ಸೌಡೇಶ್ವರಿ ಅಮ್ಮನಿಗೆ ಕತ್ತಿ ಸೇವೆ ಮಾಡುವಾಗಿನ ಕೂಗು, ವಾದ್ಯ ಕೇಳಿದವರಿಗೆ ಗೊತ್ತು. ಅಲ್ಲಿಗೆ ಹೋಗುವವರು -18 ಇಟ್ಟುಕೊಂಡರೂ ಒಳ್ಳೆಯದೇ. ಕಡಿಮೆಯಾದದ್ದನ್ನು ಆಮೇಲೆ ಏರಿಸಬಹುದು.

ಗುಂಯ್ ಎನ್ನುವ ಸದ್ದು ಕರೆಂಟಿನದು. ನಮ್ಮಲ್ಲಿ 50 ಹರ್ಟ್ಸ್, ಜೊತೆಗೆ 100, 150. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಮುದ್ರಿಸಿ ನೋಡಿ, ಹಲವು ಸಲ ಅಲ್ಲಿಗೇ ಮುಗಿಯುತ್ತದೆ. ಏನೂ ಮುದ್ರಣವಾಗದೆ ಬರೀ ನೇರ ಗೆರೆ ಬಂದರೆ, ವಿಂಡೋಸ್ 10ರ 2018ರ ಆವೃತ್ತಿಯಿಂದೀಚೆಗೆ ಸೇರಿದ ಮೈಕ್ರೋಫೋನ್ ಅನುಮತಿಯನ್ನು ಪ್ರೈವಸಿ ವಿಭಾಗದಲ್ಲಿ ನೋಡಿ.

ನಮ್ಮ ಸಂಗೀತಕ್ಕೇ ಬರುವ ಒಂದು ತೊಂದರೆ ಇದೆ. ಅದನ್ನು ಪರದೇಶದವರು ಅಷ್ಟಾಗಿ ಹೇಳುವುದಿಲ್ಲ. ಫೋನ್ ಮಾತಿಗೆಂದು ಗಣಕದಲ್ಲೂ ಮೊಬೈಲಿನಲ್ಲೂ ಗದ್ದಲ ತೆಗೆಯುವ ವ್ಯವಸ್ಥೆ ಇರುತ್ತದೆ. ಒಂದೇ ಸಮನೆ ಕೇಳುವುದೆಲ್ಲ ಅದಕ್ಕೆ ಗದ್ದಲ. ತಂಬೂರಿ, ಶ್ರುತಿಪೆಟ್ಟಿಗೆಗಳ ಕೆಲಸವೇ ಒಂದೇ ಸಮನೆ ನುಡಿಯುವುದು! ಹಾಗಾಗಿ ನಾಲ್ಕು ಸೆಕೆಂಡಿನಲ್ಲಿ ಶ್ರುತಿ ಕರಗಿಹೋಗಿ, ಹಾಡುವವರು ಮಾತ್ರ ಬಯಲಲ್ಲಿ ನಿಂತಂತೆ ಕೇಳುತ್ತದೆ. ಮೈಕಿನ ಎನ್‌ಹ್ಯಾನ್ಸ್‌ಮೆಂಟ್ಸ್ ಎಂಬುದನ್ನು ಪೂರ್ತಿ ಆರಿಸಿಬಿಡಿ.

ಮದುಕ್ಕರೈಯಲ್ಲಿ ಮುದ್ರಿಸುವವರಿಗೆ ಪಾಲಕ್ಕಾಡಿನ ರೈಲು, ಹೆದ್ದಾರಿಯ ಲಾರಿ ಎರಡೂ ಉಚಿತ. ರೈಲಿನ ಸದ್ದನ್ನು ತಂತ್ರಾಂಶ ತೆಗೆಯಲಾರದು, ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಕಾಯುವುದೇ ದಾರಿ. ಫ್ಯಾನಿನಂಥ ಸ್ಥಿರ ಸದ್ದನ್ನು ನಾಯ್ಸ್ ರಿಡಕ್ಷನ್ ತೆಗೆಯುತ್ತದೆ. ಹೆಚ್ಚು ಹಾಕಿದರೆ ದನಿ ನೀರೊಳಗಿಂದ ಬಂದಂತಾಗಿ ಶ, ಸ, ಹ ಅಕ್ಷರಗಳು ಸವೆಯುತ್ತವೆ. ಇಲ್ಲಿಯ ಕನ್ನಡದ ಉಚ್ಚಾರಣೆಯನ್ನು ಉಳಿಸಲೆಂದೇ ಮುದ್ರಿಸುವಾಗ ಅದು ದೊಡ್ಡ ನಷ್ಟ. ಮೂಲ ಕಡತವನ್ನು ಮುಟ್ಟಬೇಡಿ, ಪ್ರತಿ ಮಾಡಿಕೊಂಡು ಅದರ ಮೇಲೆ ಪ್ರಯೋಗ ಮಾಡಿ. ಇನ್ನೊಬ್ಬರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಿ.

ನಾವು ಅನುಸರಿಸುವ ಕ್ರಮ ಇಷ್ಟು. ಕೆಂಪು ಬಟನ್ ಒತ್ತಿ ಹತ್ತು ಸೆಕೆಂಡು ಯಾರೂ ಮಾತಾಡುವುದಿಲ್ಲ. ನಾಯ್ಸ್ ರಿಡಕ್ಷನ್ನಿಗೆ ಕೋಣೆಯ ಮಾದರಿ ಅಲ್ಲಿ ಸಿಗುತ್ತದೆ, ಶ್ರುತಿಪೆಟ್ಟಿಗೆ ಅದಾದ ಮೇಲೆ. ಆಮೇಲೆ ದಿನಾಂಕ, ಊರು ನಾವೇ ಹೇಳುತ್ತೇವೆ. ಹಾಡುವ ಅಜ್ಜಿ ತಮ್ಮ ಹೆಸರು, ತವರು, ಹಾಡು ಯಾರಿಂದ ಕಲಿತದ್ದು ಎಂಬುದನ್ನು ಅವರ ಮನೆಮಾತಿನಲ್ಲೇ ಹೇಳುತ್ತಾರೆ. ತಪ್ಪಿದರೆ ನಿಲ್ಲಿಸುವುದಿಲ್ಲ, ಮತ್ತೆ ಹೇಳಿ ಎಂದು ಮುಂದುವರಿಸುತ್ತೇವೆ. ಮುಗಿದ ಕೂಡಲೇ ಅಜ್ಜಿಗೆ ಹೆಡ್‌ಫೋನ್ ಕೊಟ್ಟು ಕೇಳಿಸುತ್ತೇವೆ. ಬಿಟ್ಟುಹೋದ ಸಾಲುಗಳು ಹೆಚ್ಚಾಗಿ ಆಗಲೇ ನೆನಪಾಗುವುದು. ಆದ್ದರಿಂದ ಮೈಕನ್ನು ಅಲ್ಲಿಯವರೆಗೂ ಬಿಚ್ಚುವುದಿಲ್ಲ. ರಾತ್ರಿ ವೇವ್ ಕಡತ ಎರಡು ಕಡೆ ಪ್ರತಿಯಾಗುತ್ತದೆ: ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಹಾಡಿದವರ ಮಕ್ಕಳ ಬಳಿ.