ಗಾಳಿ ಬಂದಾಗ ತೂರಿಕೊಂಡ ಊರು

'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ ಹುಟ್ಟಿದ್ದು ಒಕ್ಕಲು ಕಣದಲ್ಲಿ. ಗಾಳಿ ಯಾವ ದಿಕ್ಕಿನಿಂದ, ಯಾವ ಹೊತ್ತಿಗೆ ಬೀಸುತ್ತದೆಂದು ತಿಳಿದೇ ರೈತ ಮೊರ ಎತ್ತುತ್ತಾನೆ. ಇದೇ ಲೆಕ್ಕಾಚಾರವನ್ನು ಕಡಲಿನಲ್ಲಿ ಮಾಡುವವರು ವಿಂಡ್‌ಸರ್ಫಿಂಗ್ ಪ್ರಿಯರು. ಒಂದು ಹಲಗೆ, ಅದರ ಮೇಲೆ ಎತ್ತ ಬೇಕಾದರೂ ಬಾಗುವ ಕಂಬ, ಕಂಬಕ್ಕೊಂದು ಹಾಯಿ. ಇಷ್ಟೇ ಅವರ ನೌಕೆ. ಪ್ರವಾಸ ಹೊರಡುವ ಮುನ್ನ ಅವರು ಮೊದಲು ವಿಚಾರಿಸುವುದು ಗಾಳಿಯ ತಿಂಗಳನ್ನು. ಈ ವಿಚಾರಣೆ ಹಲವರನ್ನು ಕರೆದೊಯ್ಯುವುದು ಮೊರಾಕ್ಕೋ ದೇಶದ ಅಟ್ಲಾಂಟಿಕ್ ದಂಡೆಯಲ್ಲಿರುವ ಎಸ್ಸವೀರಾ ಪಟ್ಟಣಕ್ಕೆ. ಹಳೆಯ ನಕ್ಷೆಗಳಲ್ಲಿ ಇದರ ಹೆಸರು ಮೊಗಡೋರ್.

ಇಲ್ಲಿಯ ಗಾಳಿಗೆ ಕಾರಣ ಸರಳವಾದುದು. ಬೇಸಿಗೆಯಲ್ಲಿ ಅಜೋರ್ಸ್ ದ್ವೀಪಗಳ ಸುತ್ತಿನ ಸಾಗರದ ಮೇಲೆ ವಾಯುಭಾರ ಹೆಚ್ಚು. ಕಾದು ಕೆಂಡವಾದ ಸಹಾರಾ ಮರುಭೂಮಿಯ ಮೇಲೆ ಕಡಿಮೆ. ಈ ಎರಡರ ನಡುವೆ ಗಾಳಿ ಕರಾವಳಿಯುದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ನುಗ್ಗುತ್ತದೆ. ನಮ್ಮ ಮುಂಗಾರು ಮಾರುತಕ್ಕೂ ನೆಲ ಕಾಯುವುದೇ ಮುಖ್ಯ ಕಾರಣ. ಆದರೆ ಮುಂಗಾರು ಮಳೆ ಹೊತ್ತು ತರುತ್ತದೆ, ಕಡಲು ಕೆರಳುತ್ತದೆ, ಕರಾವಳಿಯ ದೋಣಿಗಳು ದಡ ಸೇರುತ್ತವೆ. ಎಸ್ಸವೀರಾದ ಬೇಸಿಗೆಯ ಗಾಳಿಯಲ್ಲಿ ಮಳೆಯಿಲ್ಲ. ಸುಮಾರು 180 ಕಿಲೋಮೀಟರ್ ಒಳನಾಡಿನ ಮರಾಕೇಶ್ ನಗರ 40 ಡಿಗ್ರಿ ಸೆಲ್ಸಿಯಸ್‌ವರೆಗೂ ಬೇಯುವ ದಿನಗಳಲ್ಲಿ ಇಲ್ಲಿಯ ಜನ ಸಂಜೆಗೆ ಬೆಚ್ಚನೆಯ ಬಟ್ಟೆ ಹೊದೆಯುತ್ತಾರೆ.

ಈ ಗಾಳಿಯನ್ನು ಮೊದಲು ಬಳಸಿಕೊಂಡವರು ನಾವಿಕರು. ಊರಿನ ಎದುರಿನ ಪುಟ್ಟ ಮೊಗಡೋರ್ ದ್ವೀಪ ಅಟ್ಲಾಂಟಿಕ್ಕಿನ ಹಿರಿಯ ಅಲೆಗಳನ್ನು ತಡೆದು ಹಡಗುಗಳಿಗೆ ಆಸರೆ ನೀಡುತ್ತದೆ. ಕ್ರಿಸ್ತಪೂರ್ವ 7ನೇ ಶತಮಾನದಲ್ಲಿಯೇ ಫಿನೀಷಿಯನ್ ವರ್ತಕರು ಇಲ್ಲಿಗೆ ಬರುತ್ತಿದ್ದ ಕುರುಹುಗಳು ದ್ವೀಪದಲ್ಲಿ ಸಿಕ್ಕಿವೆ. ಮುಂದೆ ರೋಮನ್ನರ ಮಿತ್ರನಾಗಿದ್ದ ಎರಡನೇ ಜೂಬಾ ಎಂಬ ಅರಸ ಕಡಲ ಶಂಖದ ಹುಳುವಿನಿಂದ ನೇರಳೆ ಬಣ್ಣ ತೆಗೆಯುವ ಉದ್ಯಮವನ್ನು ಇಲ್ಲಿ ನಡೆಸಿದ. 1506ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರಾದರೂ ಕೆಲವೇ ವರ್ಷಗಳಲ್ಲಿ ಅದನ್ನು ಕಳೆದುಕೊಂಡರು. ಯೂರೋಪಿನಿಂದ ಬರುವ ಹಾಯಿಹಡಗಿಗೆ ಈ ಗಾಳಿ ಬೆನ್ನಿಗಿರುತ್ತಿತ್ತು. ಮರಳುವಾಗ ಅದೇ ಎದುರಾಗುತ್ತಿತ್ತು. ಆದ್ದರಿಂದ ಪೋರ್ಚುಗೀಸ್ ನಾವಿಕರು ಆಫ್ರಿಕದ ದಂಡೆಯಿಂದ ಹಿಂದಿರುಗುವಾಗ ಪಶ್ಚಿಮಕ್ಕೆ ನಡುಸಾಗರದವರೆಗೆ ಹೋಗಿ, ಅಲ್ಲಿ ಬೇರೊಂದು ಗಾಳಿ ಹಿಡಿದು ಮನೆ ಸೇರುವ ಬಳಸುದಾರಿ ಕಂಡುಕೊಂಡಿದ್ದರು.

ಈಗಿನ ಊರು ಹುಟ್ಟಿದ್ದು 1760ರ ದಶಕದಲ್ಲಿ. ಸುಲ್ತಾನ್ ಮೂರನೇ ಮೊಹಮ್ಮದ್, ದಕ್ಷಿಣದ ಅಗಾದಿರ್ ಬಂದರಿನ ವ್ಯಾಪಾರವನ್ನು ತನ್ನ ಹಿಡಿತಕ್ಕೆ ತರಲೆಂದು ಇಲ್ಲಿ ಹೊಸ ಬಂದರು ಕಟ್ಟಿಸಿದ. ನಕ್ಷೆ ತಯಾರಿಸಲು ಥಿಯೊಡೋರ್ ಕಾರ್ನ್ಯೂ ಎಂಬ ಫ್ರೆಂಚ್ ಎಂಜಿನಿಯರನನ್ನು ನೇಮಿಸಿದ. ಮೊರಾಕ್ಕೋದ ಇತರ ಹಳೆಯ ಪೇಟೆಗಳ ಓಣಿಗಳು ಸುತ್ತಿ ಬಳಸಿ ಸಾಗಿದರೆ ಇಲ್ಲಿಯ ಬೀದಿಗಳು ದಾರ ಹಿಡಿದಂತೆ ನೇರ. ಸುತ್ತಲಿನ ಎತ್ತರದ ಗೋಡೆ ಶತ್ರುವನ್ನಷ್ಟೇ ಅಲ್ಲ, ಗಾಳಿಯನ್ನೂ ತಡೆಯಿತು. ಸಹಾರಾ ದಾಟಿ ಬಂದ ಒಂಟೆಗಳ ಸಾಲು ಚಿನ್ನ, ದಂತ, ಉಷ್ಟ್ರಪಕ್ಷಿಯ ಗರಿಗಳನ್ನು ಇಲ್ಲಿ ಇಳಿಸುತ್ತಿತ್ತು. ಇಂಗ್ಲೆಂಡಿನಿಂದ ಬಟ್ಟೆ, ಚಹಾ ಬರುತ್ತಿತ್ತು. ಈ ವ್ಯವಹಾರದ ದೊಡ್ಡ ಪಾಲು ಸುಲ್ತಾನನ ಆಶ್ರಯ ಪಡೆದ ಯಹೂದಿ ವರ್ತಕರ ಕೈಯಲ್ಲಿತ್ತು.

1844ರಲ್ಲಿ ಫ್ರೆಂಚ್ ನೌಕಾಪಡೆ ಊರಿನ ಮೇಲೆ ಗುಂಡಿನ ಮಳೆ ಸುರಿಸಿತು. ಊರು ಆ ಪೆಟ್ಟಿನಿಂದ ಚೇತರಿಸಿಕೊಂಡಿತು. ಚೇತರಿಸಿಕೊಳ್ಳಲಾಗದ ಪೆಟ್ಟು ಕೊಟ್ಟದ್ದು ಉಗಿಹಡಗು. ಅದಕ್ಕೆ ಗಾಳಿಯ ಹಂಗಿರಲಿಲ್ಲ, ಆಳವಾದ ಬಂದರು ಬೇಕಿತ್ತು. ಮೊಗಡೋರಿನ ಕೊಲ್ಲಿಗೆ ಆಳವಿರಲಿಲ್ಲ. 1912ರಲ್ಲಿ ಮೊರಾಕ್ಕೋ ಫ್ರೆಂಚರ ಆಡಳಿತಕ್ಕೆ ಒಳಪಟ್ಟ ಮೇಲೆ ಕಾಸಾಬ್ಲಾಂಕಾ ದೇಶದ ಹೆಬ್ಬಾಗಿಲಾಯಿತು. ಸಹಾರಾದ ವ್ಯಾಪಾರವೂ ಬತ್ತಿತು. 1948ರ ನಂತರದ ವರ್ಷಗಳಲ್ಲಿ ಯಹೂದಿ ಕುಟುಂಬಗಳು ಒಂದೊಂದಾಗಿ ವಲಸೆ ಹೋದವು. ಉಳಿದದ್ದು ಮೀನುಗಾರಿಕೆ, ಮರಗೆತ್ತನೆ ಮತ್ತು ಯಾರಿಗೂ ಬೇಡವಾದ ಗಾಳಿ. ಮರಳಿನಲ್ಲಿ ಮಲಗಿ ಬಿಸಿಲು ಕಾಯಿಸಲು ಬಂದ ಪ್ರವಾಸಿಗೆ ಕಣ್ಣಿಗೆ ಮರಳೆರಚುವ ಈ ದಂಡೆ ಹಿಡಿಸಲಿಲ್ಲ.

ಅತ್ತ ಅಮೆರಿಕದಲ್ಲಿ 1964ರಲ್ಲಿ ನ್ಯೂಮನ್ ಡಾರ್ಬಿ ಎಂಬಾತ ಹಲಗೆಗೆ ಹಾಯಿ ಕಟ್ಟಿದ. ಕೆಲವೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯದ ಜಿಮ್ ಡ್ರೇಕ್ ಮತ್ತು ಹೋಯ್ಲ್ ಶ್ವೈಟ್ಜರ್ ಅದನ್ನು ಸುಧಾರಿಸಿ ಪೇಟೆಂಟ್ ಪಡೆದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ವೇಳೆಗೆ ವಿಂಡ್‌ಸರ್ಫಿಂಗ್ ಪದಕದ ಆಟವಾಗಿತ್ತು. ಉಗಿಯಂತ್ರ ಅಟ್ಟಿದ್ದ ಹಾಯಿ, ಆಟದ ರೂಪದಲ್ಲಿ ಮೊಗಡೋರಿಗೆ ಮರಳಿ ಬಂತು. ಒಂದು ಕಾಲಕ್ಕೆ ಹಾಯಿಹಡಗನ್ನು ಕಾಪಾಡಿದ ದ್ವೀಪವೇ ಈಗ ಕಲಿಯುವವರಿಗೆ ಕೊಲ್ಲಿಯ ನೀರನ್ನು ಸಮತಟ್ಟಾಗಿ ಇರಿಸುತ್ತದೆ.

ಹೊರಡುವವರು ತಿಳಿದಿರಬೇಕಾದ ಸಂಗತಿಗಳಿವು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬಲವಾಗಿರುತ್ತದೆ, ಮಧ್ಯಾಹ್ನದ ಮೇಲೆ ಇನ್ನೂ ಜೋರು. ಊರಿನ ಗೋಡೆಯ ಮರೆಯಲ್ಲಿ ಮೆಲ್ಲಗೆ ಬೀಸುವುದು ದಕ್ಷಿಣಕ್ಕೆ ಸಾಗಿದಂತೆ ಬಿರುಸಾಗುತ್ತದೆ. ಕೆನರಿ ಶೀತಪ್ರವಾಹದಿಂದಾಗಿ ನಡುಬೇಸಿಗೆಯಲ್ಲೂ ನೀರು ತಣ್ಣಗಿರುವುದರಿಂದ ಮೈಗಂಟುವ ರಬ್ಬರ್ ಉಡುಪು ಬೇಕೇ ಬೇಕು. ನುರಿತವರು ಅಲೆ ಅರಸಿ ಉತ್ತರದ ಮೌಲೇ ಬುಜೆರ್ಕ್‌ತೂನ್ ಅಥವಾ ದಕ್ಷಿಣದ ಸಿದಿ ಕೌಕಿ ಹಳ್ಳಿಗೆ ಹೋಗುತ್ತಾರೆ.

2001ರಲ್ಲಿ ಯುನೆಸ್ಕೋ ಈ ಹಳೆಯ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪ್ರವಾಸಿಯನ್ನು ಕರೆತರುವ ಗಾಳಿಯೇ ಉಪ್ಪುನೀರನ್ನು ಗೋಡೆಗೆ ಎರಚಿ ಕಲ್ಲನ್ನು ಸವೆಸುತ್ತಿದೆ. ಸುತ್ತಲಿನ ಮರಳುದಿಬ್ಬಗಳು ಊರನ್ನು ನುಂಗದಂತೆ ಗಿಡಗಂಟಿ ಬೆಳೆಸಿ ಕಾಯಬೇಕಾಗಿದೆ. ಎಸ್ಸವೀರಾಕ್ಕೆ ಅನ್ನ ಕೊಡುವುದೂ ಗಾಳಿ, ಗೋಡೆ ಕೊರೆಯುವುದೂ ಗಾಳಿ. ತೂರುವವನಿಗೆ ಕಾಳು ಉಳಿಸಿಕೊಳ್ಳುವ ಜಾಣತನವೂ ಬೇಕೆಂಬುದನ್ನು ಆ ಊರು ಕಲಿಯುತ್ತಲೇ ಇದೆ.