ಒಡವೆಯ ಒಡತಿ

1927ರ ಆಗಸ್ಟ್ ತಿಂಗಳಲ್ಲಿ ಗಾಂಧೀಜಿಯವರು ಮೈಸೂರು ಸಂಸ್ಥಾನದ ಪ್ರವಾಸದಲ್ಲಿದ್ದಾಗ ಶಿವಮೊಗ್ಗ ಮತ್ತು ಭದ್ರಾವತಿಗಳಿಗೂ ಬಂದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿ ಆಗ ನಾಲ್ಕೇ ವರ್ಷವಾಗಿತ್ತು. ತಮ್ಮ ಪ್ರವಾಸಗಳಲ್ಲಿ ಸಾರ್ವಜನಿಕ ನಿಧಿಗಾಗಿ ಮಹಿಳೆಯರಲ್ಲಿ ಹಣವನ್ನಷ್ಟೇ ಅಲ್ಲದೆ ಮೈಮೇಲಿನ ಒಡವೆಯನ್ನೂ ಬೇಡುವುದು ಗಾಂಧೀಜಿಯವರ ಪದ್ಧತಿಯಾಗಿತ್ತು. ಬೇಡಿದವರು ಮಹಾತ್ಮರು, ಕಾರ್ಯವೂ ದೊಡ್ಡದು. ಆದರೂ ಕೊಡುವವಳ ಪಾಲಿಗೆ ಆ ಒಡವೆ ಏನಾಗಿತ್ತೆಂಬ ಪ್ರಶ್ನೆ ಉಳಿಯುತ್ತದೆ.

ಆ ಕಾಲದ ಗೃಹಿಣಿಗೆ ಹೊಲ, ಮನೆ, ಅಂಗಡಿಗಳಲ್ಲಿ ತನ್ನದೆಂದು ಹೇಳಿಕೊಳ್ಳಲು ಇದ್ದುದು ಅತ್ಯಲ್ಪ. ಸಂಸ್ಥಾನದಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಬಂದದ್ದು 1933ರಲ್ಲಿ. ಜೈನರನ್ನೂ ಒಳಗೊಂಡ ಉತ್ತರಾಧಿಕಾರ ಕಾಯಿದೆ 1956ರದು. ಅಲ್ಲಿಯವರೆಗೆ ತವರಿನಿಂದ ಬಂದ ಕಾಸಿನ ಸರ, ಅಜ್ಜಿಯ ಕಿವಿಯಿಂದ ಇಳಿದು ಬಂದ ಓಲೆ, ಇವೇ ಅವಳ ಆಸ್ತಿ. ಅದರಲ್ಲಿ ತಾಯಿಯ ನೆನಪಿತ್ತು, ಹುಟ್ಟಿದ ಮನೆಯ ಹೆಸರಿತ್ತು. ಬರಗಾಲಕ್ಕೂ ಕಾಯಿಲೆಗೂ ಮೊದಲು ಗಿರವಿ ಅಂಗಡಿಗೆ ಹೋಗುತ್ತಿದ್ದುದೂ ಅದೇ. ಬಿಡಿಸಿಕೊಂಡು ಬರುವವರೆಗೆ ಹಬ್ಬದ ದಿನ ಬರಿಗೊರಳನ್ನು ಸೆರಗಿನಲ್ಲಿ ಮರೆಮಾಡಿಕೊಂಡ ಹೆಂಗಸರ ಕಥೆ ಯಾವ ಮನೆತನಕ್ಕೂ ಹೊಸತಲ್ಲ. ಇದನ್ನೆಲ್ಲ ಆಭರಣ ವ್ಯಾಮೋಹವೆಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಉಪದೇಶಕರಿಗೆ ಸುಲಭ. ಆ ಉಪದೇಶವನ್ನು ಮಾಡಿದವರು ಬಹುಮಟ್ಟಿಗೆ ಗಂಡಸರು ಎಂಬುದನ್ನೂ ಮರೆಯಲಾಗದು.

ಶಾಸ್ತ್ರ ಇಷ್ಟು ಒರಟಾಗಿ ಮಾತನಾಡಿಲ್ಲ. ಉಮಾಸ್ವಾತಿ ಆಚಾರ್ಯರು ಪರಿಗ್ರಹವನ್ನು ಮೂರ್ಛೆಯೆಂದು, ಅಂದರೆ ಮಮಕಾರವೆಂದು ನಿರೂಪಿಸಿದರು. ದೋಷವನ್ನು ವಸ್ತುವಿನ ಮೇಲೆ ಹೊರಿಸಲಿಲ್ಲ. ಶ್ರಾವಕ ಶ್ರಾವಿಕೆಯರಿಗೆ ವಿಧಿಸಿದ್ದು ಪರಿಗ್ರಹದ ಪರಿಮಾಣವನ್ನೇ ಹೊರತು ಸರ್ವತ್ಯಾಗವನ್ನಲ್ಲ. ಆ ಪರಿಮಾಣವನ್ನು ವ್ರತ ಹಿಡಿದವರೇ ಗೊತ್ತುಮಾಡಿಕೊಳ್ಳಬೇಕು. ಒಬ್ಬರ ವ್ರತವನ್ನು ಮತ್ತೊಬ್ಬರು ಹಿಡಿಯಲು ಬರುವುದಿಲ್ಲ.

ಇದೇ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಈ ವಿಚಾರಕ್ಕೆ ಸಂಬಂಧಿಸಿದ ಒಂದು ಐತಿಹ್ಯವೂ ಒಂದು ಶಾಸನವೂ ಇವೆ. ಉತ್ತರ ಮಥುರೆಯಿಂದ ಬಂದ ಜಿನದತ್ತರಾಯನು ಪದ್ಮಾವತಿ ಅಮ್ಮನವರ ಬಿಂಬಕ್ಕೆ ಸೋಕಿಸಿದ ಕಬ್ಬಿಣವೆಲ್ಲ ಹೊನ್ನಾಗುತ್ತಿತ್ತಂತೆ. ಮುಂದೆ ಅವನಿಗೆ ಎರಡು ಮುತ್ತುಗಳು ದೊರೆತವು. ಉತ್ತಮವಾದುದನ್ನು ರಾಣಿಗಿತ್ತು, ಕೀಳಾದುದನ್ನು ದೇವಿಗೆ ಅರ್ಪಿಸಿದನು. ದೇವಿ ಮುನಿದಳು, ಕಬ್ಬಿಣ ಹೊನ್ನಾಗುವುದು ಅಲ್ಲಿಗೆ ನಿಂತಿತು. ಈ ಕಥೆಯನ್ನು ಭಕ್ತಿಯ ಪಾಠವಾಗಿ ಹೇಳುವುದು ವಾಡಿಕೆ. ಆದರೆ ಇದರಲ್ಲಿ ಕೊಟ್ಟವನೂ ರಾಜ, ತಪ್ಪಿದವನೂ ರಾಜ. ಮುತ್ತು ಧರಿಸಿದ ರಾಣಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಆಕೆಯೇ ಉತ್ತಮ ಮುತ್ತನ್ನು ದೇವಿಗೆ ಒಪ್ಪಿಸುತ್ತಿದ್ದಳೇನೋ.

ಶಾಸನದ ಮಾತು ಬೇರೆ. ಕ್ರಿ.ಶ. 1077ರಲ್ಲಿ ಅದೇ ಹೊಂಬುಜದಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದವಳು ಚಟ್ಟಲದೇವಿ. ತಂಗಿ ತೀರಿಕೊಂಡ ಮೇಲೆ ಅವಳ ನಾಲ್ವರು ಸಾಂತರ ಕುಮಾರರನ್ನು ತನ್ನ ಮಕ್ಕಳಂತೆ ಸಾಕಿದ ಆಕೆ, ತಂದೆ, ತಾಯಿ, ತಂಗಿ ಮೊದಲಾದವರ ನೆನಪಿಗೆ ಈ ಜಿನಾಲಯವನ್ನು ಎತ್ತಿಸಿದಳು. ಅದರ ಹೆಸರು ಉರ್ವೀತಿಲಕ, ಭೂಮಿಗೆ ತಿಲಕ. ಅಗಲಿದ ತನ್ನವರಿಗಾಗಿ ಕಟ್ಟಿಸಿದ ಕಲ್ಲಿನ ಮನೆಗೆ ಒಂದು ಅಲಂಕಾರದ ಹೆಸರೇ ನಿಂತಿತು. ಅದಕ್ಕೂ ಹಿಂದಿನ ಅತ್ತಿಮಬ್ಬೆಗೆ ದಾನಚಿಂತಾಮಣಿಯೆಂಬ ಬಿರುದು ಸಂದಿತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ತಾಯಿಯ ಬಿರುದಿನಲ್ಲಿಯೂ ಮಣಿಯಿದೆ. ದರ್ಶನ, ಜ್ಞಾನ, ಚಾರಿತ್ರಗಳನ್ನು ರತ್ನತ್ರಯವೆಂದು ಕರೆದ ಪರಂಪರೆಗೆ ಆಭರಣ ಪರಕೀಯವಾದ ವಸ್ತುವಲ್ಲ.

1934ರ ಜನವರಿಯಲ್ಲಿ ಮಲಬಾರಿನ ವಡಕರದಲ್ಲಿ ಕೌಮುದಿ ಎಂಬ ಹದಿಹರೆಯದ ಹುಡುಗಿ ಬಳೆ, ಸರ, ಓಲೆಗಳನ್ನು ಕಳಚಿ ಗಾಂಧೀಜಿಯವರಿಗೆ ಕೊಟ್ಟಳು. ತಂದೆ ತಾಯಿಯರ ಅನುಮತಿ ಇದೆಯೇ ಎಂದು ಅವರು ವಿಚಾರಿಸಿದರು. ಮತ್ತೆ ಬೇರೆ ಒಡವೆಗಳನ್ನು ಮಾಡಿಸಿಕೊಳ್ಳಬಾರದೆಂದೂ ತಿಳಿಸಿದರು. ಎರಡನೆಯ ಮಾತು ಆ ಕೊಡುಗೆಯನ್ನು ವ್ರತವಾಗಿಸಿತು. ಮೊದಲನೆಯ ಪ್ರಶ್ನೆ ಆ ವಯಸ್ಸಿಗೆ ಉಚಿತವಾದುದೇ. ಆದರೆ ಬೆಳೆದ ಮಹಿಳೆಯ ಒಡವೆಗೂ ಅನುಮತಿ ಮನೆಯ ಯಜಮಾನನದೇ ಎಂಬ ಭಾವನೆ ಸಮಾಜದಲ್ಲಿ ಬಹುಕಾಲ ಉಳಿಯಿತು. ಸ್ತ್ರೀಧನವು ಹೆಂಡತಿಯ ಸಂಪೂರ್ಣ ಸ್ವತ್ತು, ಗಂಡನ ಮನೆಯಲ್ಲಿ ಇರಿಸಿದ ಮಾತ್ರಕ್ಕೆ ಅದು ಕೂಡು ಆಸ್ತಿಯಾಗದು ಎಂದು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದ್ದು 1985ರಲ್ಲಿ.

ಬಸದಿಗಳಿಗೆ ಇಂದಿಗೂ ಒಡವೆಗಳು ಕಾಣಿಕೆಯಾಗಿ ಬರುತ್ತವೆ. ಬಳೆಯನ್ನು ಕೈಯಿಂದ ತೆಗೆದು ತಟ್ಟೆಯಲ್ಲಿಡುವವಳು ಹೆಂಡತಿ; ರಸೀದಿಯಲ್ಲಿ ಬರೆಯುವುದು ಎಷ್ಟೋ ಸಲ ಗಂಡನ ಹೆಸರನ್ನು. ಒಂಬತ್ತು ನೂರು ವರ್ಷಗಳ ಹಿಂದೆ ಹೊಂಬುಜದ ಶಾಸನ ಬರೆದವನು ಕೊಟ್ಟವಳ ಹೆಸರನ್ನೇ ಕಲ್ಲಿನಲ್ಲಿ ಕಡೆದಿದ್ದನು.