ಜೂಜಿನ ಮೇಜಿನ ಚೆಲುವಾದ ಬಿಲ್ಲೆಗಳು

ಷೇರುಪೇಟೆಯ ಸುದ್ದಿಗಳಲ್ಲಿ ‘ಬ್ಲೂ ಚಿಪ್’ ಕಂಪೆನಿ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಗಟ್ಟಿ ಬುನಾದಿಯ, ನಂಬಿಕೆಗೆ ಅರ್ಹವಾದ ಉದ್ಯಮಕ್ಕೆ ಸಲ್ಲುವ ಈ ಬಿರುದು ಹುಟ್ಟಿದ್ದು ಮಾತ್ರ ನಂಬಿಕೆಗೆ ಅಷ್ಟೇನೂ ಹೆಸರಾಗದ ಜಾಗದಲ್ಲಿ, ಪೋಕರ್ ಆಟದ ಮೇಜಿನ ಮೇಲೆ! ಅಮೆರಿಕದ ಮನೆಗಳಲ್ಲಿ ಈ ಇಸ್ಪೀಟು ಆಟಕ್ಕೆ ಕುಳಿತವರು ಹಣದ ಬದಲು ಬಣ್ಣದ ಬಿಲ್ಲೆಗಳನ್ನು ಪಣಕ್ಕೆ ಒಡ್ಡುತ್ತಿದ್ದರು. ಬಿಳಿಯದು ಅಗ್ಗ, ಕೆಂಪು ನಡುವಿನದು, ನೀಲಿಯದು ದುಬಾರಿ. ಈ ಲೆಕ್ಕವೇ 1920ರ ದಶಕದಲ್ಲಿ ನ್ಯೂಯಾರ್ಕಿನ ಷೇರುಪೇಟೆಯ ನುಡಿಗಟ್ಟಾಯಿತು.

ಪೋಕರ್ ಹುಟ್ಟುವ ಮೊದಲೇ ಬಿಲ್ಲೆಗಳಿದ್ದವು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ನಾಲ್ವರು ಕೂಡಿ ಆಡುವ ‘ಕ್ವಾಡ್ರಿಲ್’ ಸಿರಿವಂತರ ಮನೆಗಳ ಮೆಚ್ಚಿನ ಆಟ. ಅದಕ್ಕೆ ಬೇಕಾದ ಬಿಲ್ಲೆಗಳು ಬರುತ್ತಿದ್ದುದು ದೂರದ ಚೀನಾದ ಕ್ಯಾಂಟನ್ ಬಂದರಿನಿಂದ. ಮುತ್ತಿನ ಚಿಪ್ಪಿನ ಹೊಳೆಯುವ ಒಳಪದರವನ್ನು ತೆಳುವಾಗಿ ಕತ್ತರಿಸಿ, ಅದರ ಮೇಲೆ ಹೂಬಳ್ಳಿಗಳನ್ನು ಕೊರೆದು, ನಡುವೆ ಗಿರಾಕಿಯ ವಂಶಲಾಂಛನವನ್ನು ಮೂಡಿಸುತ್ತಿದ್ದರು. ಲಾಂಛನದ ಚಿತ್ರ ಹಡಗಿನಲ್ಲಿ ಹೋಗಿ, ಬಿಲ್ಲೆಗಳು ಹಡಗಿನಲ್ಲೇ ಮರಳುತ್ತಿದ್ದವು. ದುಂಡಗಿನವು, ಉದ್ದನೆಯವು ಇದ್ದಂತೆ ಮೀನಿನ ಆಕಾರದವೂ ಇದ್ದವು. ಮೀನೇಕೆ? ಫ್ರೆಂಚರು ಆಟದ ಬಿಲ್ಲೆಗೆ ‘ಫಿಶ್’ ಎನ್ನುತ್ತಿದ್ದರು. ಆ ಪದ ಇಂಗ್ಲಿಷರ ಕಿವಿಗೆ ಮೀನಾಗಿ ಕೇಳಿಸಿತು! ಜೇನ್ ಆಸ್ಟಿನ್ 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ಲಿಡಿಯಾ ಆಟದಿಂದ ಮರಳಿ ಲೆಕ್ಕ ಒಪ್ಪಿಸುವುದು ಇಂಥ ಮೀನುಗಳದ್ದೇ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆ ಪೋಕರ್ ತಲೆಯೆತ್ತಿ, ಮಿಸಿಸಿಪಿ ನದಿಯ ಉಗಿದೋಣಿಗಳನ್ನೇರಿ ಹಬ್ಬಿತು. ಮೊದಮೊದಲು ನಾಣ್ಯ, ಚಿನ್ನದ ಹುಡಿಗಳೂ ಪಣವಾಗಿದ್ದವು. ಆಮೇಲೆ ಮೂಳೆ, ದಂತಗಳ ಬಿಲ್ಲೆಗಳು ಬಂದವು. ಶತಮಾನದ ಕೊನೆಯ ದಶಕಗಳಲ್ಲಿ ಜೇಡಿಮಣ್ಣು ಬೆರೆಸಿ ಒತ್ತಿದ ಅಗ್ಗದ ಬಿಲ್ಲೆಗಳು ಮನೆಮನೆಗೆ ಕಾಲಿಟ್ಟವು. ಸಾದಾ ಬಿಲ್ಲೆ ಯಾವ ಅಂಗಡಿಯಲ್ಲೂ ಸಿಗುತ್ತಿದ್ದುದರಿಂದ ಮೋಸಗಾರ ತನ್ನವನ್ನೂ ನಾಲ್ಕು ಸೇರಿಸಿಬಿಡಬಹುದಿತ್ತು. ಆದ್ದರಿಂದ ಹಕ್ಕಿ, ಹೂವು, ಕುದುರೆ ಮುಖ, ಲಂಗರುಗಳ ಅಚ್ಚು ಬರೀ ಅಲಂಕಾರವಾಗಿರಲಿಲ್ಲ, ಕಾವಲೂ ಆಗಿತ್ತು.

ಎಲೆ ಹಂಚುವ ಸರದಿ ಯಾರದೆಂದು ತಿಳಿಯಲು ಅವರ ಮುಂದೊಂದು ಗುರುತನ್ನಿಡುವ ರೂಢಿಯೂ ಇತ್ತು. ಅದರ ಹೆಸರು ‘ಬಕ್’. ಜಿಂಕೆ ಕೊಂಬಿನ ಹಿಡಿಯುಳ್ಳ ಚಾಕುವನ್ನು ಇದಕ್ಕೆ ಬಳಸುತ್ತಿದ್ದುದರಿಂದ ಈ ಹೆಸರು ಬಂತೆಂಬುದು ಪ್ರಚಲಿತ ವಿವರಣೆ. ಹಂಚಲು ಮನಸ್ಸಿಲ್ಲದವನು ಗುರುತನ್ನು ಪಕ್ಕದವನತ್ತ ಸರಿಸಬಹುದಿತ್ತು. ಹೊಣೆ ಜಾರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಬಕ್ ದಾಟಿಸುವುದು’ ಎನ್ನುವುದು ಇದರಿಂದಲೇ. ಪೋಕರ್ ಪ್ರಿಯರಾಗಿದ್ದ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಮೇಜಿನ ಮೇಲೆ ‘ಬಕ್ ಇಲ್ಲಿಗೆ ನಿಲ್ಲುತ್ತದೆ’ ಎಂಬರ್ಥದ ಫಲಕವಿತ್ತು. 1945ರಲ್ಲಿ ಅವರ ಕೈಸೇರಿದ ಆ ಫಲಕ ತಯಾರಾದದ್ದು ಓಕ್ಲಹೋಮದ ಒಂದು ಸೆರೆಮನೆಯಲ್ಲಿ.

ಇಷ್ಟೆಲ್ಲ ಚೆಲುವಿನ ಬಿಲ್ಲೆ ಮಾಡುವ ಕೆಲಸ ಒಂದೇ: ಹಣವನ್ನು ಕಣ್ಣಿನಿಂದ ಮರೆಮಾಡುವುದು. ನೂರರ ನೋಟನ್ನು ಮೇಜಿಗೆ ಎಸೆಯುವಾಗ ಅಕ್ಕಿ, ಬೇಳೆ, ಮಕ್ಕಳ ಫೀಸು ನೆನಪಾದೀತು. ನೀಲಿ ಬಿಲ್ಲೆ ಸರಿಸುವಾಗ ಅದೇನೂ ನೆನಪಾಗುವುದಿಲ್ಲ. ಮುತ್ತಿನ ಚಿಪ್ಪಿನ ಮೀನು ಈಗ ಮೊಬೈಲಿನ ಪರದೆಯ ಚಿತ್ರವಾಗಿದೆ. ಹಿಡಿಯಲು ಕೈಯಲ್ಲಿ ಏನೂ ಉಳಿದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಬಿಲ್ಲೆ ಮಣ್ಣಿನದಾಗಲಿ ಬೆಳಕಿನದಾಗಲಿ, ಆಟ ಮುಗಿದ ಮೇಲೆ ತೆರಬೇಕಾದದ್ದು ಹಣವನ್ನೇ.